ಹೆಜ್ಜೆಗೆ ಮುಂಚಿನ ಉಸಿರು

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಕ್ಕನಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಆರು ವರ್ಷದ ಮೇಲೆ ಬರೆದಿದ್ದೀಯ, ಅದೂ ಒಂದೇ ಸಾಲು: ‘ಅವತ್ತು ಅಪ್ಪನೂ ಬೇಡ ಅಂದಿದ್ರಾ?’ ನೀನು ಮೆಚ್ಚಿದವನ ಜೊತೆ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ಹಿಂತಿರುಗಿದ ದಿನದ ಮಾತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಏನೋ ಕೆಲಸ ನೆನಪಾಯಿತೆಂದು ಎದ್ದುಹೋದೆ. ಕ್ಷಮಿಸು. ಇವತ್ತು ಬರೆದೇ ತೀರುತ್ತೇನೆ. ಮೊದಲು ಒಂದಿಷ್ಟು ಸಮಾಚಾರ ಹೇಳುತ್ತೇನೆ, ಅಷ್ಟರಲ್ಲಿ ಧೈರ್ಯ ಬರಲಿ.

ನಾನೂ ನಿನ್ನ ಅಪ್ಪನೂ ಟ್ಯಾಂಗೋ ಅನ್ನುವ ಜೋಡಿ ಕುಣಿತ ಕಲಿಯುತ್ತಿದ್ದೇವೆ. ನಗಬೇಡ. ನಿವೃತ್ತಿಯಾದ ಮೇಲೆ ಮೆಟ್ಟಿಲಿಳಿಯುವಾಗ ನನಗೆ ಆಯ ತಪ್ಪುತ್ತಿತ್ತು. ‘ಮಾತ್ರೆ ಬೇಡ, ಇಬ್ಬರೂ ಹೋಗಿ ಡ್ಯಾನ್ಸ್ ಕಲೀರಿ’ ಅಂದರು ಡಾಕ್ಟರು. ಹಾಸಿಗೆ ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ನಾಲ್ಕಕ್ಕೆ ಕ್ಲಾಸು. ಮರದ ನೆಲ, ಎತ್ತರದ ಕಿಟಕಿಗಳು. ಕೆಳಗಿನಿಂದ ತೇಲಿ ಬಂದ ಹತ್ತಿಯ ಎಳೆಗಳು ಬಿಸಿಲುಕೋಲಿನಲ್ಲಿ ಸುಮ್ಮನೆ ನಿಂತಿರುತ್ತವೆ. ಹಾಡು ಶುರುವಾದರೆ ಅವೂ ಮೆಲ್ಲಗೆ ತಿರುಗತೊಡಗುತ್ತವೆ. ಅಲ್ಲಿಗೆ ಹೋದರೆ ಯಾರದೋ ಮಧ್ಯಾಹ್ನದ ನಿದ್ದೆಯೊಳಗೆ ಹೊಕ್ಕ ಹಾಗಿರುತ್ತದೆ. ಕಲಿಸುವವರು ವಾರವೆಲ್ಲ ಲಿಫ್ಟ್ ರಿಪೇರಿ ಮಾಡುವವರು, ಆಳು ಬಾಗಿಲಿನಷ್ಟು ಉದ್ದ. ನಾವು ಉದ್ದ ಮೇಷ್ಟ್ರು ಅನ್ನುತ್ತೇವೆ.

ಮೊದಮೊದಲು ನಮ್ಮದು ಎತ್ತು ಏರಿಗೆ, ಕೋಣ ನೀರಿಗೆ. ಅಪ್ಪ ನೆಲ ನೋಡುತ್ತಲೇ ಕುಣಿಯುತ್ತಿದ್ದರು. ನಲವತ್ತು ವರ್ಷ ಕನ್ನಡಕದಂಗಡಿಯಲ್ಲಿ ಬಿದ್ದ ಸ್ಕ್ರೂ ಹುಡುಕಿದ ಕಣ್ಣಲ್ಲವೇ. ‘ಯಜಮಾನ್ರೇ, ಅಲ್ಲೇನೂ ಬಿದ್ದಿಲ್ಲ, ತಲೆ ಎತ್ತಿ’ ಅನ್ನುತ್ತಿದ್ದರು ಮೇಷ್ಟ್ರು. ‘ತೋಳಲ್ಲಿ ತಳ್ಳಬೇಡಿ. ನಿಮ್ಮ ಎದೆ ಎತ್ತ ತಿರುಗುತ್ತೋ ಅವರು ಅತ್ತ ಬರ್ತಾರೆ.’ ಅಪ್ಪನ ತಪ್ಪುಗಳು ಒಂದು ತಿಂಗಳಲ್ಲಿ ಸರಿಹೋದವು.

ನನ್ನ ರೋಗ ಹಳೆಯದು. ಈ ಕುಣಿತದಲ್ಲಿ ಒಬ್ಬರು ನಡೆಸಬೇಕು, ಇನ್ನೊಬ್ಬರು ಕಾದು ನಡೆಯಬೇಕು. ನಾನು ಕಾಯುವವಳೇ? ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನ ನರ್ಸು. ಡಾಕ್ಟರು ಕೈ ಚಾಚುವ ಮೊದಲೇ ಕತ್ತರಿ ಮುಂದಿಡಬೇಕು. ಅವರು ಬಾಯಿಬಿಟ್ಟು ಕೇಳುವಂತಾದರೆ ನಮಗೆ ಅವಮಾನ. ಅದೇ ಚಾಳಿ ಇಲ್ಲಿಯೂ. ಅಪ್ಪ ಹೆಜ್ಜೆ ಯೋಚಿಸುವಷ್ಟರಲ್ಲಿ ನಾನು ಇಟ್ಟಾಗಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ. ಸಾಲದ್ದಕ್ಕೆ ‘ಎಡಗಾಲು ರೀ, ಎಡಗಾಲು’ ಅಂತ ಪಾಠ ಬೇರೆ. ಒಂದು ಭಾನುವಾರ ಮೇಷ್ಟ್ರು ಹಾಡು ನಿಲ್ಲಿಸಿ ಅಪ್ಪನನ್ನು ಕೇಳಿದರು, ‘ಈಗ ತಿರುಗಿಸಿದ್ದು ನೀವಾ?’

‘ಇಲ್ಲ. ಅವಳು ಹೋದ್ಲು, ನಾನು ಹಿಂದೆ ಹೋದೆ’ ಅಂದರು ಅಪ್ಪ. ‘ನನಗೆ ಅಭ್ಯಾಸ ಆಗಿದೆ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಅಳು ಬಂತು.

ಹೋದ ವಾರ ಮೇಷ್ಟ್ರು ನನಗೆ ಕಣ್ಣು ಮುಚ್ಚಿಸಿದರು. ‘ಅಮ್ಮಾ, ಇವತ್ತು ಬಾಯಿಗೂ ಬೀಗ, ಕಾಲಿಗೂ ಬೀಗ. ಅವರ ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬರೋವರೆಗೂ ನೀವು ಅಲ್ಲಾಡಬಾರದು.’ ಹಾಡು ಶುರುವಾಯಿತು. ಅಪ್ಪ ಕದಲಲಿಲ್ಲ. ಅರ್ಧ ಹಾಡು ಹೋಯಿತು. ನನ್ನ ಹಿಮ್ಮಡಿ ತುರಿಸಿದ ಹಾಗಾಗುತ್ತಿತ್ತು. ಆಗ ಅವರ ಬೆನ್ನ ಮೇಲಿದ್ದ ನನ್ನ ಅಂಗೈ ಕೆಳಗೆ ಪಕ್ಕೆಲುಬುಗಳು ನಿಧಾನ ಅಗಲವಾದವು. ಉಸಿರು ತೆಗೆದುಕೊಳ್ಳುತ್ತಿದ್ದರು. ಪ್ರತಿ ಸಲವೂ ನಾನು ಹೊರಟುಬಿಡುತ್ತಿದ್ದದ್ದು ಅಲ್ಲಿಯೇ. ಈ ಸಲ ನಿಂತೆ. ಅವರ ಭಾರ ಮೆಲ್ಲಗೆ ವಾಲಿತು, ನನ್ನದೂ ಅದರ ಜೊತೆ ಹೋಯಿತು. ಎಷ್ಟು ಸುತ್ತು ಹಾಕಿದೆವೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಿದ್ದೆಗಣ್ಣಲ್ಲಿ ಯಾರೋ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದರಲ್ಲ, ಹಾಗಿತ್ತು. ಕಣ್ಣು ಬಿಟ್ಟಾಗ ಬಿಸಿಲು ಎದುರು ಗೋಡೆ ಹತ್ತಿತ್ತು.

ಆ ಉಸಿರು ನನಗೆ ಗೊತ್ತಿದ್ದದ್ದೇ ಪುಟ್ಟಕ್ಕ. ಮಾತಾಡುವ ಮೊದಲೂ ಅವರು ಹಾಗೇ ಉಸಿರೆಳೆದುಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷ ನಾನು ಅದನ್ನು ಖಾಲಿ ಜಾಗ ಅಂದುಕೊಂಡು ನನ್ನ ಮಾತು ತುಂಬಿದೆ. ಹೋದ ವಾರ ಕ್ಲಾಸು ಮುಗಿಸಿ ಮನೆಗೆ ಬರುವಾಗ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ನಿನ್ನ ಪ್ರಶ್ನೆಯನ್ನು ಅವರಿಗೆ ಕೇಳಿದೆ. ಕೇಳಿ, ಸುಮ್ಮನಿದ್ದೆ. ನಮ್ಮ ಬಸ್ಸು ಬಂದು ಹೋಯಿತು. ಆಮೇಲೆ ಹೇಳಿದರು.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನವನಿಗೂ ನನ್ನ ಆಶೀರ್ವಾದ ತಿಳಿಸು, ಅವನು ಬೇಡವೆಂದರೂ ತಿಳಿಸು. ನೀವಿಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಅಪ್ಪ ಬೇಡ ಅಂದಿರಲಿಲ್ಲ. ನೀವಿಬ್ಬರೂ ಬಾಗಿಲಲ್ಲಿ ನಿಂತಾಗ ಅವರು ಉಸಿರೆಳೆದುಕೊಂಡಿದ್ದರು, ಅಷ್ಟೆ. ‘ನಿಮ್ಮಪ್ಪನಿಗೂ ಇದು ಬೇಡ, ಹೊರಡು’ ಅಂದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ‘ಆಮೇಲಾದ್ರೂ ಯಾಕೆ ಹೇಳ್ಲಿಲ್ಲ?’ ಅಂದೆ. ‘ನೀನು ಕೇಳ್ಲೇ ಇಲ್ವಲ್ಲ’ ಅಂದರು. ನೀವು ಬಂದ ದಿನ ಅವರ ಬಾಯಿಗೆ ಬಂದಿದ್ದ ಮಾತನ್ನು ಹಾಗೇ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ: ‘ಚಪ್ಪಲಿ ಅಲ್ಲೇ ಬಿಡಿ, ಇಬ್ಬರೂ ಒಳಗೆ ಬನ್ನಿ.’