ಅಲುಗಾಡದ ಸ್ಟ್ಯಾಂಡು

ಶನಿವಾರ, ಮಾರ್ಚ್ 14

ಹೊಟ್ಟೆಯುರಿ ಇನ್ನೂ ಆರಿಲ್ಲ.

ಸ್ವರ ನೋಡಿಕೊಂಡು ನುಡಿಸೋಕೆ ಟ್ಯಾಬ್ ಇಡೋ ಸ್ಟ್ಯಾಂಡು ಬೇಕಂತ ನಮ್ಮ ತಂಡದ ಗಿಟಾರಿನವನೂ ನಾನೂ ಒಟ್ಟಿಗೇ ಅಂಗಡಿಗೆ ಹೋಗಿದ್ದೆವು. ನಾನು ಒಂದೊಂದನ್ನೂ ಅಲ್ಲಾಡಿಸಿ ನೋಡಿ, ನನ್ನ ಪಿಟೀಲಿಗಿಂತ ಭಾರದ್ದನ್ನು ಆರಿಸಿದೆ. ಅವನು ಚೀಲದಲ್ಲಿ ಹಿಡಿಯುತ್ತೆ ಅಂತ ಕಡ್ಡಿಯಂಥದ್ದೊಂದನ್ನು ತಗೊಂಡ. ಒಳಗೊಳಗೇ ನಕ್ಕಿದ್ದೆ.

ಇವತ್ತು ಕಾರ್ಯಕ್ರಮದಲ್ಲಿ ಮೊದಲ ಹಾಡಿಗೇ ಅವನ ಟ್ಯಾಬ್ ಓಲಾಡಿತು. ನಮ್ಮ ಗಾಯಕಿ ಹಾಡುತ್ತಲೇ ಅವನ ಪಕ್ಕಕ್ಕೆ ಸರಿದು, ಸ್ಟ್ಯಾಂಡಿನ ಕಾಲನ್ನು ಚಪ್ಪಲಿಯಲ್ಲಿ ಒತ್ತಿ ಹಿಡಿದಳು. ಕೊನೆಯ ಹಾಡಿನವರೆಗೂ ಅಲ್ಲಿಂದ ಕದಲಲಿಲ್ಲ.

ವೇದಿಕೆ ಇಳಿಯುವಾಗ ನನಗಂದಳು, "ನಿಂದು ಬಿಡು, ಬಂಡೆ ಥರ ನಿಂತಿತ್ತು. ನಿನ್ನ ಕಡೆ ನೋಡೋದೇ ಬೇಕಾಗಲಿಲ್ಲ."

ನಾಳೆಯೂ ಕಾರ್ಯಕ್ರಮ ಇದೆ. ಹೊರಡೋ ಮುಂಚೆ ನನ್ನ ಸ್ಟ್ಯಾಂಡಿನ ಕೆಳಗಿನ ಸ್ಕ್ರೂವನ್ನು ಒಂದೇ ಒಂದು ಸುತ್ತು ಸಡಿಲ ಮಾಡಿಟ್ಟರೆ…