ಎತ್ತಬಾರದ ಫೋನ್

ಅರುಳ್‌ತುರೈ,
ಗುರುವಾರ, 6 ಸೆಪ್ಟೆಂಬರ್ 2012

ಜೆಸಿಂತಾಳ ಅಪ್ಪನಿಗೆ,

ಯೇಸುವಿಗೆ ಸ್ತುತಿ. ಹೇಗಿದ್ದೀರಿ? ಮಸ್ಕತ್ತಿನ ಬಿಸಿಲು ಸ್ವಲ್ಪವಾದರೂ ಇಳಿಯಿತೇ? ಬೆನ್ನುನೋವಿಗೆಂದು ಕಳಿಸಿದ ಎಣ್ಣೆಯನ್ನು ನೀವು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಕಳೆದ ಸಲದ ಹಾಗೆ ರೂಮಿನವರಿಗೆಲ್ಲ ಹಂಚಿ ದಾನಶೂರರಾದಿರೋ? ಜೆಸಿಂತಾಳಿಗೆ ಜ್ವರ ಬಿಟ್ಟಿದೆ, ಶಾಲೆಗೆ ಹೋಗುತ್ತಿದ್ದಾಳೆ. ಅತ್ತೆಯ ಮಂಡಿ ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಪಕ್ಕದ ಮನೆಯ ಫಿಲೋಮಿನಾ ಅಕ್ಕನ ಮಗ ಇವತ್ತು ಸಂಜೆ ತಿರುವನಂತಪುರದಲ್ಲಿ ವಿಮಾನ ಹತ್ತುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡಿ, ಅವಸರದಲ್ಲಿ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮ ತಮ್ಮ ಸೂಸೈ ನಿನ್ನೆ ಬೆಳಿಗ್ಗೆ ಬರಬೇಕಿತ್ತು. ಅವನ ಬೋಟು ಇನ್ನೂ ಯಾವ ದಡವನ್ನೂ ಸೇರಿಲ್ಲ. ನನಗೆ ತುಂಬಾ ಭಯವಾಗುತ್ತಿದೆ, ಮತ್ತೆ ಆ ಭಯವನ್ನು ಈ ಮನೆಯಲ್ಲಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ನಮ್ಮ ಐಸ್ ಫ್ಯಾಕ್ಟರಿಗೆ ಹೊಸ ಫೋನ್ ಹಾಕಿಸು ಎಂದು ಈಸ್ಟರ್‌ನಿಂದ ನನ್ನ ತಲೆ ತಿನ್ನುತ್ತಿದ್ದಿರಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ನೀವು ಹೇಳಿದ್ದು ಸುಳ್ಳಲ್ಲ. ಇರುವುದು ಒಂದೇ ಲೈನು. ಬೆಳಗಿನ ಹೊತ್ತು ಕೊಚ್ಚಿಯ ಮೀನು ಕಂಪನಿಯವರು ಮಾಡಿದರೆ ಎಂಗೇಜ್, ಹೋಟೆಲಿನವರು ಮಾಡಿದರೆ ಎಂಗೇಜ್. ಒಬ್ಬ ಕಂಪನಿಯವನು ಬೇಸತ್ತು ಐಸನ್ನು ಬೇರೆ ಕಡೆ ಹೇಳಿಬಿಟ್ಟ. ಫಿಲೋಮಿನಾ ಅಕ್ಕ ಇನ್ನೊಂದು ಲೈನ್ ತೆಗೆದುಕೊಂಡರೆ ಸಾಕು ಎಂದಳು. ಸೂಸೈ, ಅತ್ತಿಗೆ, ಒಂದು ಒಳ್ಳೆ ಮೊಬೈಲ್ ತಗೊಂಡು ಸೊಂಟಕ್ಕೆ ಸಿಗಿಸ್ಕೊಳ್ಳಿ ಎಂದು ನಗಾಡಿದ. ಅಷ್ಟರಲ್ಲಿ ನಾಗರಕೋವಿಲಿನಿಂದ ಜೆಬರಾಜ್ ಎಂಬವನು ಬಂದ, ಈ ಸೆಖೆಯಲ್ಲಿ ಟೈ ಕಟ್ಟಿಕೊಂಡು. ಗೋಡೆಗೆ ಹಾಕುವ ಒಂದು ಪೆಟ್ಟಿಗೆ ತೋರಿಸಿದ. ಮೂರು ಲೈನು, ಶೆಡ್ಡಿಗೊಂದು, ಆಫೀಸಿಗೊಂದು, ಮನೆಗೊಂದು ಫೋನು. ಯಾರೂ ಇಲ್ಲದಿದ್ದರೂ ಪೆಟ್ಟಿಗೆಯೇ ಎತ್ತಿ ಮಾತಾಡುತ್ತದಂತೆ. ಅಕ್ಕಾ, ಇನ್ಮೇಲೆ ನಿಮಗೆ ಬರೋ ಒಂದು ಕಾಲೂ ತಪ್ಪಲ್ಲ, ಮೊದಲನೇ ರಿಂಗ್‌ಗೇ ಎತ್ತತ್ತೆ ಎಂದ. ನೀವೂ ಅಲ್ಲಿಂದ, ನಮ್ಮ ಕಂಪನೀಲೂ ಇದೇ ಇರೋದು, ಕಣ್ಮುಚ್ಕೊಂಡು ಹಾಕ್ಸು ಎಂದಿರಿ. ಕಣ್ಣು ಮುಚ್ಚಿಕೊಂಡೇ ಹಾಕಿಸಿದೆ.

ಸೋಮವಾರ ಹಾಕಿದರು. ಅದರ ದನಿ ಎಷ್ಟು ನಯ ಅಂತೀರಿ! ನಮಸ್ಕಾರ, ಐಸ್ ಬೇಕಾದರೆ ಒಂದು ಒತ್ತಿ, ಆಫೀಸಿಗೆ ಎರಡು ಒತ್ತಿ ಎನ್ನುತ್ತದೆ. ಅತ್ತೆ ಫಿಲೋಮಿನಾ ಅಕ್ಕನ ಮನೆಯಿಂದ ಪರೀಕ್ಷೆಗೆಂದು ಫೋನ್ ಮಾಡಿ, ಯಾರೇ ನೀನು, ನಮ್ಮನೇಲಿ ಏನೇ ಮಾಡ್ತಿದ್ದೀಯ, ನನ್ನ ಸೊಸೆ ಎಲ್ಲಿ ಎಂದು ಅದರ ಜೊತೆ ಜಗಳಕ್ಕೇ ನಿಂತರು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸೂಸೈ ಮತ್ತೆ ಉಳಿದವರು ಮೂರು ಬೋಟಿನಲ್ಲಿ ಹಿಂದಿನ ವಾರವೇ ಕಡಲಿಗೆ ಹೋಗಿದ್ದರು. ಈ ಪೆಟ್ಟಿಗೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಈಗ ಬರೆಯುವುದು ನಿಮಗೂ ಗೊತ್ತಿದ್ದದ್ದೇ. ಆದರೆ ಫೋನ್ ಆರಿಸುವಾಗ ನಿಮಗೂ ನೆನಪಾಗಲಿಲ್ಲ, ನನಗೂ ನೆನಪಾಗಲಿಲ್ಲ, ಅದಕ್ಕೇ ಬರೆಯುತ್ತೇನೆ. ಕಡಲಿಂದ ಬರುವ ಬೋಟು ಟವರ್ ಸಿಕ್ಕಿದ ಕೂಡಲೇ ನಮಗೊಂದು ಮಿಸ್ಡ್ ಕಾಲ್ ಕೊಡುತ್ತದೆ, ಒಂದೆರಡು ರಿಂಗಿಗೇ ನಿಲ್ಲುತ್ತದೆ. ಬರ್ತಿದ್ದೀವಿ, ಐಸ್ ಒಡೆದಿಡಿ ಎಂದು ಅದರ ಅರ್ಥ. ನಾವು ಎತ್ತುವುದಿಲ್ಲ. ಎತ್ತದಿದ್ದರೆ ಎಲ್ಲ ಸರಿ ಇದೆ, ಬನ್ನಿ ಎಂದು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಲೆ ಎದ್ದು ನಿಂತ ದಿನ ಮಾತ್ರ ಫೋನಿನ ಪಕ್ಕದಲ್ಲೇ ಕೂತಿದ್ದು ತಟ್ಟನೆ ಎತ್ತುತ್ತೇವೆ. ಎತ್ತಿದರೆಂದರೆ ಬರಬೇಡಿ, ವಿಳಿಂಜಂ ಬಂದರಿಗೆ ಹೋಗಿ ಎಂದು. ಅಳಿವೆಯ ಅಲೆ ಕಡಲ ಕಡೆಯಿಂದ ಕಾಣುವುದಿಲ್ಲ, ಅದರ ಬೆನ್ನಷ್ಟೇ ಕಾಣುತ್ತದೆ, ದಡದವರು ಹೇಳಿದರೇ ಗೊತ್ತಾಗುವುದು. ಲಾಜರ್ ಮಾಮನ ಬೋಟು ಬಾಯಲ್ಲಿ ಮಗುಚಿದಾಗಿನಿಂದ ನಡೆದುಬಂದ ಪದ್ಧತಿ ಇದು. ಎತ್ತಿದ್ದು ಗೊತ್ತಾದರೆ ಸಾಕು, ಬೋಟಿನವರು ಕಟ್ ಮಾಡಿ ಚುಕ್ಕಾಣಿ ತಿರುಗಿಸುತ್ತಾರೆ. ಕಿವಿಗಿಟ್ಟು ಕೇಳುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು, ಎಂಜಿನ್ನಿನ ಸದ್ದು, ಖಾಲಿಯಾಗುವ ಬ್ಯಾಲೆನ್ಸು, ಕೇಳುವುದಾದರೂ ಏನನ್ನು? ಜೆಬರಾಜ್ ಮೊದಲ ದಿನವೇ, ಅಕ್ಕಾ, ನಿಮಗೆ ಎಂತೆಂಥ ಕಾಲ್ ಬರತ್ತೆ ಹೇಳಿ ಎಂದು ಕೇಳಿದ್ದ. ಕಂಪನಿ, ಹೋಟೆಲ್, ಡೀಸೆಲ್‌ನವರು, ಚರ್ಚಿನವರು ಎಂದೆಲ್ಲ ಹೇಳಿದೆ. ಬೋಟಿನದು ಬಾಯಿಗೇ ಬರಲಿಲ್ಲ. ಎತ್ತದ ಫೋನನ್ನು ಯಾರು ಫೋನೆಂದು ಎಣಿಸುತ್ತಾರೆ ಹೇಳಿ.

ನಿನ್ನೆ ಬೆಳಿಗ್ಗೆ ಕಡಲು ಎಣ್ಣೆ ಸುರಿದ ಹಾಗಿತ್ತು. ಅಳಿವೆಯಲ್ಲಿ ಮಕ್ಕಳು ಈಜಬಹುದಿತ್ತು. ನಾನು ಐಸ್ ಒಡೆಯುವ ಶೆಡ್ಡಿನಲ್ಲಿದ್ದೆ. ಫೋನಿನ ಗಲಾಟೆಯೇ ಇಲ್ಲವಲ್ಲ, ಎಷ್ಟು ನೆಮ್ಮದಿ ಎಂದುಕೊಂಡೆ. ಪಾಪಿ ನಾನು. ಬುಟ್ಟಿ ಹಿಡಿದು ಬಂದ ಹೆಂಗಸರು ಜೆಟ್ಟಿಯ ಮೇಲೆ ಕೂತೇ ಇದ್ದರು, ಒಂದು ಬೋಟೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಎಂಥ ಗಾಳಿ ಎಂದರೆ ಶೆಡ್ಡಿನ ತಗಡು ಹಾರಿಹೋಯಿತು. ಆಮೇಲೆ ಫಿಲೋಮಿನಾ ಅಕ್ಕ ತನ್ನ ಮೊಬೈಲ್ ತಂದು ಕೈಗೆ ಕೊಟ್ಟಳು, ವಿಳಿಂಜಂನಿಂದ ಇನ್ನೊಂದು ಬೋಟಿನ ಅಂದ್ರೇಯಾ ಅಣ್ಣನ ಫೋನು. ತಂಗೀ, ಅಳಿವೆ ಅಷ್ಟೊಂದು ಕೆಟ್ಟಿತ್ತೇನಮ್ಮಾ, ಕಡಲ ಕಡೆಯಿಂದ ನೋಡಿದ್ರೆ ಏನೂ ಕಾಣ್ಲಿಲ್ಲ ಎಂದರು. ಅಳಿವೆ ಚೆನ್ನಾಗೇ ಇತ್ತಲ್ಲ ಅಣ್ಣಾ ಎಂದೆ. ಮತ್ಯಾಕೆ ಎತ್ತಿದ್ರಿ? ಮೂರೂ ಬೋಟಿಗೂ ಎತ್ತಿದ್ರಲ್ಲ! ಎಂದರು. ನಾನು ಎತ್ತಲಿಲ್ಲ ಎನ್ನಲು ಬಾಯಿ ತೆರೆದವಳು ಗೋಡೆಯ ಮೇಲಿನ ಪೆಟ್ಟಿಗೆ ನೋಡಿದೆ. ಹಸಿರು ದೀಪ ಮಿಣುಕುತ್ತಿತ್ತು. ಸೂಸೈ ಎಲ್ಲಿ ಎಂದು ಕೇಳಿದೆ. ಅವನ ಎಂಜಿನ್ ಕೆಮ್ತಾ ಇತ್ತು, ನೀವು ಮುಂದೆ ಹೋಗಿ ಅಣ್ಣಾ, ನಾನು ಮೆಲ್ಲಗೆ ಬರ್ತೀನಿ ಅಂದ, ಇಷ್ಟೊತ್ತಿಗೆ ಬರ್ಬೇಕಿತ್ತು ಎಂದರು.

ಕೆಟ್ಟ ಎಂಜಿನ್ ಇಟ್ಟುಕೊಂಡು ಅವನು ನಮ್ಮ ಚರ್ಚಿನ ಗೋಪುರ ಕಾಣುವ ಜಾಗದಿಂದ ತಿರುಗಿ ಹೋದ. ಕಣ್ಣಿಗೆ ಕಾಣುವ ದಡಕ್ಕಿಂತ ಅತ್ತಿಗೆಯ ಫೋನನ್ನು ಹೆಚ್ಚು ನಂಬಿದ. ನಿನ್ನೆಯಿಂದ ನನ್ನ ತಲೆಯಲ್ಲಿ ಬೇರೇನೂ ಇಲ್ಲ.

ಫಾದರ್ ಗಂಟೆ ಹೊಡೆಸಿದರು, ಕೋಸ್ಟ್ ಗಾರ್ಡ್‌ನವರಿಗೂ ತಿಳಿಸಿದರು. ಅಂದ್ರೇಯಾ ಅಣ್ಣ ಬೆಳಿಗ್ಗೆ ಗಾಳಿ ಸ್ವಲ್ಪ ತಗ್ಗಿದ್ದೇ ಹುಡುಕಲು ಹೊರಟಿದ್ದಾರೆ. ಸೂಸೈಯ ನಂಬರ್ ಸ್ವಿಚ್ ಆಫ್ ಎನ್ನುತ್ತಿದೆ. ಪೆಟ್ಟಿಗೆ ಕಿತ್ತುಹಾಕಿದೆ. ಜೆಬರಾಜ್ ಓಡಿ ಬಂದು, ಅಕ್ಕಾ, ಹೇಳಿದ್ರೆ ನಿಧಾನವಾಗಿ ಎತ್ತೋ ಹಾಗೆ ಮಾಡ್ತಿದ್ನಲ್ಲ, ನೀವು ಹೇಳ್ಲೇ ಇಲ್ವಲ್ಲ ಎಂದು ಅಳುಮೋರೆ ಹಾಕಿದ. ಅವನದೇನು ತಪ್ಪು? ಆದರೂ ಬಾಯಿಗೆ ಬಂದ ಹಾಗೆ ಬೈದೆ, ಬೈಯಲು ಬೇರೆ ಯಾರೂ ಸಿಗಲಿಲ್ಲ. ಈಗ ಹಳೆಯ ಫೋನೇ ಇದೆ. ಕೊಚ್ಚಿಯವನು ಮಾಡಿದಾಗಲೆಲ್ಲ ಸೂಸೈಯ ಮಿಸ್ಡ್ ಕಾಲೇ ಎಂದು ಓಡುತ್ತೇನೆ. ರಿಂಗು ನಿಲ್ಲಲಿ, ನಿಲ್ಲಲಿ ಎಂದು ಬೇಡಿಕೊಳ್ಳುತ್ತೇನೆ, ಅದು ನಿಲ್ಲುವುದಿಲ್ಲ. ಅತ್ತೆ ಮರಗೆಣಸು ಬೇಯಿಸಿಟ್ಟಿದ್ದಾರೆ. ಎಲ್ಲೋ ಬಿದ್ಕೊಂಡು ನಿದ್ದೆ ಹೊಡೀತಿರ್ತಾನೆ, ಚಿಕ್ಕಂದಿನಿಂದ ಸೋಮಾರಿ ಎನ್ನುತ್ತಾರೆ, ಅಷ್ಟು ಹೇಳಿ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅವನ ಬೋಟಿನವರ ಹೆಂಡತಿಯರು ನಮ್ಮ ಜಗಲಿಯ ಮೇಲೆ ಕೂತಿದ್ದಾರೆ. ಫೋನ್ ಎತ್ತಿದ್ದು ಯಾರು ಎಂದು ಇನ್ನೂ ಯಾರೂ ಕೇಳಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಆದರೆ ಅವರು ಒಬ್ಬೊಬ್ಬರಾಗಿ ನನ್ನ ಮುಖ ನೋಡುವುದನ್ನು ತಡೆಯಲು ಆಗುತ್ತಿಲ್ಲ.

ಮಾತೆ ಮರಿಯ ಅಲ್ಲಿ ನಿಮ್ಮನ್ನೂ ಕಡಲಲ್ಲಿ ಅವನನ್ನೂ ಕಾಯಲಿ. ಊಟ ಬಿಡಬೇಡಿ. ನಿಮ್ಮ ರೂಮಿನವರಿಗೆಲ್ಲ ನನ್ನ ವಂದನೆ, ಒಂದು ಪ್ರಾರ್ಥನೆ ಮಾಡಲು ಹೇಳಿ. ಜೆಸಿಂತಾಳ ಮುತ್ತು.

ನಿಮ್ಮ
ಸೆಲಿನ್

ಇನ್ನೊಂದು ಮಾತು: ಆಟೋ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಇದನ್ನು ಓದಿದ ಕೂಡಲೇ ನಿಮ್ಮ ಕೈ ಫೋನಿಗೆ ಹೋಗುತ್ತದೆ, ನನಗೆ ಗೊತ್ತು. ಬೇಡ, ದಯವಿಟ್ಟು ಮಾಡಬೇಡಿ. ನೀವು ಲೈನಿನಲ್ಲಿರುವಾಗಲೇ ಅವನು ಮಾಡಿದರೆ? ಫಿಲೋಮಿನಾ ಅಕ್ಕನ ಮೊಬೈಲಿನಿಂದ ನಾನೇ ನಿಮಗೆ ಮಾಡುತ್ತೇನೆ. ಒಂದೇ ರಿಂಗಿಗೆ ನಿಂತರೆ ಸೂಸೈ ಬಂದನೆಂದು ತಿಳಿಯಿರಿ, ಎತ್ತಬೇಡಿ. ನಿಲ್ಲದೆ ಬಾರಿಸುತ್ತಲೇ ಇದ್ದರೆ, ಅವಸರ ಮಾಡಬೇಡಿ, ಮೊದಲು ಎಲ್ಲಾದರೂ ಕೂತುಕೊಳ್ಳಿ. ಆಮೇಲೆ ಎತ್ತಿ. ನೀವು ಎತ್ತುವವರೆಗೂ ನಾನು ಕಟ್ ಮಾಡುವುದಿಲ್ಲ.