ಮಗ್ಗದ ಸಪ್ಪಳ

ಆಯಿ,

ರೋಗಿಯನ್ನು ಮಾತಾಡಿಸುವ ನೆಪದಲ್ಲಿ ಇವತ್ತು ಬನಹಟ್ಟಿಗೆ ಹೋಗಿದ್ದೆ. ನಮ್ಮ ಆಫೀಸಿನ ಮಾದೇವಿ ಹಾಸಿಗೆ ಹಿಡಿದ ಅತ್ತೆಯ ಆರೈಕೆಗೆಂದು ಸಂಬಳಸಹಿತ ರಜೆ ಕೇಳಿದ್ದಳು. ನಮ್ಮಲ್ಲಿ ಅದು ಎಲ್ಲರ ಹಕ್ಕು; ಮಂಜೂರು ಮಾಡಬೇಕಾದವಳು ನಾನು. ನನಗೇಕೋ ನಂಬಿಕೆ ಬರಲಿಲ್ಲ.

ಮೋಸಂಬಿ ಹಿಡಿದು ಬಾಗಿಲಿಗೆ ಬಂದರೆ ಒಳಗೆ ಮಗ್ಗದ ಸದ್ದು. ರಜೆ ಹಾಕಿ ನೇಯುತ್ತಿದ್ದಾಳೆ, ಸಿಕ್ಕಿಬಿದ್ದಳು ಎಂದುಕೊಂಡೆ.

“ಮಗ್ಗ ಜೋರ ನಡದದಲ್ಲ?” ಎಂದೆ.

ಮಾದೇವಿ ಸ್ವಿಚ್ ಆರಿಸಿದಳು. ಮಗ್ಗದ ಮೇಲೆ ಒಂದೆಳೆ ನೂಲೂ ಇರಲಿಲ್ಲ. ಮೂಲೆಯಲ್ಲಿ ಮಲಗಿದ್ದ ಮುದುಕಿ ಬೆಚ್ಚಿ ಕಣ್ಣು ಬಿಟ್ಟಳು.

“ಯಾಕ ಬಂದ್ ಮಾಡಿದಿ ಬೇ? ಕರೆಂಟ್ ಹೋತೇನ?”

“ಸಪ್ಪಳ ಇಲ್ಲಂದ್ರ ಇವರಿಗೆ ನಿದ್ದಿ ಹತ್ತಂಗಿಲ್ರಿ ಮೇಡಂ,” ಎಂದಳು ಮಾದೇವಿ. “ಅದಕ್ಕ ಖಾಲಿ ಓಡಸ್ತೀನ್ರಿ.”

ಮುದುಕಿ ನನ್ನನ್ನೇ ನೋಡಿದಳು. “ನನ್ನ ಬ್ಯಾನಿ ಖರೇನೋ ಸುಳ್ಳೋ ನೋಡಾಕ ಬಂದಾರೇನ ಇವರು?”

ನಾನು ಮೋಸಂಬಿ ಮುಂದಿಟ್ಟೆ. ಜಮಖಂಡಿಗೆ ಮರಳುವಾಗಲೂ, ನಾನು ಬರುವ ಸುದ್ದಿ ತಿಳಿದು ನೂಲು ತೆಗೆದಿರಬಹುದೇ ಎಂದು ಯೋಚಿಸಿದೆ. ಆಮೇಲೆ ರಜೆ ಮಂಜೂರು ಮಾಡಿದೆ.

ಆಯಿ, ಕೊನೆಕೊನೆಗೆ ನಿನಗೆ ಏನು ಕೇಳಿಸುತ್ತಿದ್ದರೆ ನಿದ್ದೆ ಬರುತ್ತಿತ್ತು? ನಿನ್ನನ್ನು ನೋಡಿಕೊಳ್ಳಲು ನಾನಿಟ್ಟಿದ್ದ ಆ ನರ್ಸ್‌ಗೆ ಗೊತ್ತಿರಬಹುದು.